ಹೊಳೆ ಮೊದಲು, ಮೀನು ಆಮೇಲೆ

ಮೀನುಮರಿ ಬಿತ್ತನೆ ನೋಡಲು ಚೆಂದದ ಕಾರ್ಯಕ್ರಮ. ದಂಡೆಯಲ್ಲೊಂದು ಶಾಮಿಯಾನ, ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಬೆರಳುದ್ದದ ಮರಿಗಳು, ಚೀಲದ ಬಾಯಿ ಬಿಚ್ಚಿ ನೀರಿಗೆ ಸುರಿಯುವ ಗಣ್ಯರು, ಮರುದಿನದ ಪತ್ರಿಕೆಯಲ್ಲಿ ‘ಇಷ್ಟು ಲಕ್ಷ ಮರಿ ಬಿಡಲಾಯಿತು’ ಎಂಬ ಒಂದು ಅಂಕಿ. ಈ ಅಂಕಿಗೊಂದು ಅನುಕೂಲವಿದೆ. ಅದನ್ನು ಅದೇ ದಿನ ಎಣಿಸಿ ಮುಗಿಸಬಹುದು. ಆ ಮರಿಗಳಲ್ಲಿ ಎಷ್ಟು ಮುಂದಿನ ಮುಂಗಾರಿನವರೆಗೆ ಉಳಿದವು, ಉಳಿದವು ಮೊಟ್ಟೆಯಿಟ್ಟವೇ, ಆ ಮೊಟ್ಟೆ ಒಡೆಯಲು ಬೇಕಾದ ಜಲ್ಲಿಯ ಹಾಸು ಹೊಳೆಯ ತಳದಲ್ಲಿ ಇದೆಯೇ ಎಂಬುದನ್ನು ತಿಳಿಯಲು ವರ್ಷಗಳು ಬೇಕು. ಉತ್ತರ ಬರುವ ಹೊತ್ತಿಗೆ ಶಾಮಿಯಾನ ಕಳಚಿ ಬಹಳ ಕಾಲವಾಗಿರುತ್ತದೆ. ಸೊರಗಿದ ಹೊಳೆಗೆ ಮೀನು ಬಿಡುವುದು ಹೊಳೆಯನ್ನು ಉಳಿಸುವ ಕೆಲಸವಲ್ಲ, ಎಷ್ಟೋ ಸಲ ಹೊಳೆ ಸೊರಗಿದೆ ಎಂಬ ಸಂಗತಿಯನ್ನೇ ಅದು ಮರೆಮಾಡುತ್ತದೆ ಎಂಬುದು ಈ ಲೇಖನದ ವಾದ. ಈ ಮಾತಿಗೆ ಅತ್ಯಂತ ಗಟ್ಟಿಯಾದ ಸಾಕ್ಷ್ಯ ಸಿಗುವುದು ಅಮೆರಿಕದ ಟ್ರೌಟ್ ಹೊಳೆಗಳಲ್ಲಿ. ಅಲ್ಲಿ ನೂರು ವರ್ಷ ಮೀನು ಬಿಟ್ಟು ನೋಡಿದ್ದಾರೆ, ಬಿಡುವುದನ್ನು ನಿಲ್ಲಿಸಿಯೂ ನೋಡಿದ್ದಾರೆ.

ಟ್ರೌಟ್ ನಾಜೂಕಿನ ಮೀನು. ತಣ್ಣನೆಯ, ತಿಳಿಯಾದ, ಆಮ್ಲಜನಕ ತುಂಬಿದ ಹರಿವು ಇಲ್ಲದ ಕಡೆ ಅದು ಬಾಳುವುದಿಲ್ಲ. ನೀರಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ದಾಟಿ ಮೇಲೇರಿದಂತೆ ಅದರ ಪಾಡು ಕೆಡುತ್ತದೆ. ಹೆಣ್ಣು ಮೀನು ತಳದ ಜಲ್ಲಿಯನ್ನು ಬಾಲದಿಂದ ಕೆದರಿ, ಗುಂಡಿ ಮಾಡಿ, ಅದರಲ್ಲಿ ಮೊಟ್ಟೆಯಿಡುತ್ತದೆ. ಜಲ್ಲಿಯ ಸಂದಿಯಲ್ಲಿ ನೀರು ಹರಿಯುತ್ತಿದ್ದರೆ ಮೊಟ್ಟೆಗೆ ಉಸಿರು, ಸಂದಿಗೆ ಹೂಳು ಕೂತರೆ ಸಾವು. ಹಾಗಾಗಿ ಮೇಲಿನ ಗುಡ್ಡದ ರೈತ ಇಳಿಜಾರಿನುದ್ದಕ್ಕೆ ನೇಗಿಲು ಹೊಡೆದರೆ ಅದರ ಫಲ ಉಣ್ಣುವುದು ಕಣಿವೆಯ ಮೀನು. ಹತ್ತೊಂಬತ್ತನೇ ಶತಮಾನದಲ್ಲಿ ವಿಸ್ಕಾನ್ಸಿನ್, ಮಿಷಿಗನ್ ಸೀಮೆಯ ಕಾಡು ಬೋಳಾಯಿತು, ದಿಮ್ಮಿಗಳನ್ನು ಹೊಳೆಗಳಲ್ಲೇ ತೇಲಿಸಿ ಸಾಗಿಸಿದರು, ಗುಡ್ಡಗಳಲ್ಲಿ ಗೋಧಿ ಬಿತ್ತಿದರು. ಮೀನು ಕಡಿಮೆಯಾಯಿತು ಎಂದು ಕಂಡಾಗ ಸರ್ಕಾರಗಳು ಮೊರೆಹೋದದ್ದು ಮರಿ ಉತ್ಪಾದನಾ ಕೇಂದ್ರಗಳಿಗೆ. ಕ್ಯಾಲಿಫೋರ್ನಿಯಾದ ರೇನ್‌ಬೋ ಟ್ರೌಟ್ ರೈಲು ಹತ್ತಿ ಪೂರ್ವಕ್ಕೆ ಹೋಯಿತು. 1883ರಲ್ಲಿ ಜರ್ಮನಿಯಿಂದ ಬ್ರೌನ್ ಟ್ರೌಟ್ ಮೊಟ್ಟೆಗಳು ಹಡಗಿನಲ್ಲಿ ಬಂದವು. ಇಪ್ಪತ್ತನೇ ಶತಮಾನದ ನಡುವಿನ ಹೊತ್ತಿಗೆ ಈ ಪದ್ಧತಿ ಒಂದು ವಿಚಿತ್ರ ಸ್ಥಿತಿಗೆ ಬಂದಿತ್ತು. ತೊಟ್ಟಿಯಲ್ಲಿ ಬೆಳೆಸಿದ, ಹಿಡಿಯುವಷ್ಟು ದೊಡ್ಡದಾದ ಮೀನನ್ನು ಲಾರಿಯಲ್ಲಿ ತಂದು ಹೊಳೆಗೆ ಸುರಿಯುವುದು, ಗಾಳಗಾರರು ಕೆಲವೇ ವಾರಗಳಲ್ಲಿ ಅದನ್ನು ಹಿಡಿದು ಮುಗಿಸುವುದು, ಮುಂದಿನ ವರ್ಷ ಮತ್ತೆ ಲಾರಿ. ಇದಕ್ಕೆ ಹೊಳೆಯೇ ಬೇಕೆಂದೇನಿಲ್ಲ, ಒಂದು ಸಿಮೆಂಟ್ ಕಾಲುವೆಯೂ ಸಾಕಾಗುತ್ತಿತ್ತು. 1959ರಲ್ಲಿ ಮಿಷಿಗನ್‌ನ ಗ್ರೇಲಿಂಗ್ ಊರಿನ ಬಳಿ, ಔ ಸೇಬಲ್ ನದಿಯ ದಂಡೆಯಲ್ಲಿ ಕೆಲವು ಗಾಳಗಾರರು ಸೇರಿ ಟ್ರೌಟ್ ಅನ್‌ಲಿಮಿಟೆಡ್ ಎಂಬ ಸಂಘ ಕಟ್ಟಿದ್ದು ಈ ಪದ್ಧತಿಯ ಮೇಲಿನ ಅಸಮಾಧಾನದಿಂದಲೇ. ಆ ಊರಿಗೆ ಹೆಸರು ಕೊಟ್ಟ ಗ್ರೇಲಿಂಗ್ ಮೀನು ಅಷ್ಟರಲ್ಲಿ ಮಿಷಿಗನ್‌ನಿಂದ ಮಾಯವಾಗಿ ಎರಡು ದಶಕಗಳೇ ಕಳೆದಿದ್ದವು.

ಸಂಘದ ಅಸಮಾಧಾನ ಒಂದು ಅನಿಸಿಕೆಯಷ್ಟೇ ಆಗಿತ್ತು. ಅದಕ್ಕೆ ಪುರಾವೆ ಒದಗಿಸಿದ್ದು ಮೊಂಟಾನಾ ರಾಜ್ಯದ ಜೀವವಿಜ್ಞಾನಿ ಡಿಕ್ ವಿನ್ಸೆಂಟ್. 1960ರ ದಶಕದ ಕೊನೆಯಿಂದ ಅವರು ಮ್ಯಾಡಿಸನ್ ನದಿ ಮತ್ತು ಅದರ ಬಳಿಯ ಓ’ಡೆಲ್ ಎಂಬ ತೊರೆಯ ಮೀನುಗಳನ್ನು ವರ್ಷವರ್ಷವೂ ಎಣಿಸಿದರು. ಮ್ಯಾಡಿಸನ್‌ನ ಒಂದು ಭಾಗದಲ್ಲಿ ಮೀನು ಬಿಡುವುದನ್ನು ನಿಲ್ಲಿಸಲಾಯಿತು. ಅದುವರೆಗೂ ಮೀನು ಬಿಡದಿದ್ದ ಓ’ಡೆಲ್‌ಗೆ ಬಿಡಲು ಶುರುಮಾಡಲಾಯಿತು. ಬಿಡುವುದು ನಿಂತ ಕಡೆ ಹೊಳೆಯಲ್ಲೇ ಹುಟ್ಟಿ ಬೆಳೆದ ಟ್ರೌಟ್‌ಗಳ ಸಂಖ್ಯೆ ಕೆಲವೇ ವರ್ಷಗಳಲ್ಲಿ ಹಲವು ಪಟ್ಟು ಏರಿತು, ಬಿಡಲು ಶುರುಮಾಡಿದ ಕಡೆ ಕುಸಿಯಿತು. ತೊಟ್ಟಿಯ ಮೀನುಗಳು ಗುಂಪಾಗಿ ಬಂದಿಳಿದು ಹೊಳೆಯ ಮೀನುಗಳನ್ನು ಅವುಗಳ ನೆಲೆಗಳಿಂದ ಎಬ್ಬಿಸುತ್ತಿದ್ದವು, ಬಳಿಕ ತಾವೂ ಚಳಿಗಾಲ ದಾಟದೆ ಸಾಯುತ್ತಿದ್ದವು. ಲಾಡ್ಜ್ ನಡೆಸುವವರಿಂದ, ಗಾಳಗಾರರಿಂದ ತೀವ್ರ ವಿರೋಧ ಬಂದರೂ ಮೊಂಟಾನಾ 1974ರಲ್ಲಿ ಟ್ರೌಟ್ ತಾನಾಗಿ ಬಾಳುವ ತನ್ನ ನದಿ-ತೊರೆಗಳಿಗೆ ಮೀನು ಬಿಡುವುದನ್ನು ಕೈಬಿಟ್ಟಿತು. ಇವತ್ತು ಟ್ರೌಟ್ ಗಾಳಗಾರಿಕೆಗೆ ಜಗತ್ತಿನಾದ್ಯಂತದಿಂದ ಜನ ಹೋಗುವುದು ಹೊಳೆಗಳಿಗೆ ಮೀನು ಬಿಡದ ಆ ರಾಜ್ಯಕ್ಕೆ. ಕಥೆ ಇಷ್ಟು ಸಲೀಸಾಗಿಯೇ ಮುಗಿಯಲಿಲ್ಲ ಎಂಬುದನ್ನೂ ಹೇಳಬೇಕು. 1994ರಲ್ಲಿ ಮ್ಯಾಡಿಸನ್‌ನಲ್ಲಿ ಸುತ್ತುರೋಗ ಕಾಣಿಸಿಕೊಂಡಿತು. ಮರಿಗಳ ಮೆದು ಎಲುಬು (ಮೃದ್ವಸ್ಥಿ) ತಿಂದು, ಅವು ಗಿರಗಿರನೆ ಸುತ್ತುವಂತೆ ಮಾಡುವ ಪರಾವಲಂಬಿಯ ಕಾಟ ಅದು. ಅಲ್ಲಿನ ರೇನ್‌ಬೋ ಟ್ರೌಟ್‌ಗಳಲ್ಲಿ ಬಹುಪಾಲು ನಾಶವಾದವು. ಮೀನು ಬಿಡದಿದ್ದರೆ ಹೊಳೆ ಕ್ಷೇಮ ಎಂಬ ಭರವಸೆಗೆ ಇದು ಪೆಟ್ಟು ಹೌದು. ಆದರೆ ಈ ಪರಾವಲಂಬಿ ಯುರೋಪಿನಿಂದ ಅಮೆರಿಕಕ್ಕೆ ಬಂದು ರಾಜ್ಯದಿಂದ ರಾಜ್ಯಕ್ಕೆ ಹರಡಿದ್ದೇ ಮುಖ್ಯವಾಗಿ ಸಾಕಿದ ಮೀನುಗಳ ಸಾಗಣೆಯ ಜೊತೆಗೆ.

ಮ್ಯಾಡಿಸನ್‌ನಂಥ ನದಿಗೆ ಇಷ್ಟು ಸಾಕಿತ್ತು, ಏಕೆಂದರೆ ಅದರ ನೀರು ಚೆನ್ನಾಗಿಯೇ ಇತ್ತು, ಅಡ್ಡಿಯಾಗಿದ್ದದ್ದು ಲಾರಿ ಮಾತ್ರ. ಹೊಳೆಯೇ ಕೆಟ್ಟುಹೋಗಿರುವ ಕಡೆ ಸುಮ್ಮನೆ ಕೈಕಟ್ಟಿ ಕೂತರೆ ಏನೂ ಆಗದು. ಅಲ್ಲಿ ಏನು ಮಾಡಬೇಕೆಂಬುದಕ್ಕೆ ನೋಡಬೇಕಾದ ಜಾಗ ವಿಸ್ಕಾನ್ಸಿನ್, ಮಿನ್ನೆಸೋಟ, ಅಯೋವ, ಇಲಿನಾಯ್ ರಾಜ್ಯಗಳು ಕೂಡುವ ಡ್ರಿಫ್ಟ್‌ಲೆಸ್ ಸೀಮೆ. ಸುತ್ತಲಿನ ನೆಲವನ್ನೆಲ್ಲ ಸಮತಟ್ಟು ಮಾಡಿದ ಹಿಮನದಿಗಳು ಈ ಭಾಗವನ್ನು ಬಳಸಿಕೊಂಡು ಹೋದ್ದರಿಂದ ಇಲ್ಲಿ ಕಡಿದಾದ ಗುಡ್ಡ, ಕಿರಿದಾದ ಕಣಿವೆ ಉಳಿದಿವೆ. ಸುಣ್ಣಕಲ್ಲು, ಮರಳುಗಲ್ಲಿನ ಪದರಗಳಲ್ಲಿ ಇಂಗಿದ ನೀರು ವರ್ಷವಿಡೀ ಸುಮಾರು 9 ಡಿಗ್ರಿಯ ತಂಪಿನಲ್ಲಿ ಒರತೆಯಾಗಿ ಬರುತ್ತದೆ. ಟ್ರೌಟ್‌ಗೆ ಹೇಳಿ ಮಾಡಿಸಿದ ನೀರು. 1850ರ ದಶಕದಿಂದ ನೆಲೆನಿಂತ ರೈತರು ಗುಡ್ಡದ ತಲೆಯ ಹೊಲಗಳನ್ನು ನೇರ ಸಾಲಿನಲ್ಲಿ ಉತ್ತರು, ಇಳಿಜಾರಿನ ಕಾಡಿಗೆ ದನ ಬಿಟ್ಟರು. ಮಳೆನೀರು ಇಂಗುವುದನ್ನು ಬಿಟ್ಟು ಓಡತೊಡಗಿತು, ಕೊರಕಲುಗಳು ಬಾಯ್ತೆರೆದವು, ಗುಡ್ಡದ ಮಣ್ಣು ಕಣಿವೆಗೆ ಇಳಿಯಿತು. ಕೆಲವೆಡೆ ಕಣಿವೆಯ ನೆಲ ಮೀಟರುಗಟ್ಟಲೆ ಮೇಲೆದ್ದು ಹಳೆಯ ರಸ್ತೆ, ಸೇತುವೆಗಳು ಹೂತುಹೋದವು. ಮೂಲನಿವಾಸಿಯಾದ ಬ್ರೂಕ್ ಟ್ರೌಟ್ ಬಹುತೇಕ ಹೊಳೆಗಳಿಂದ ಕಾಣೆಯಾಯಿತು. ಆಗಲೂ ಮೀನು ಬಿಡುತ್ತಿದ್ದರು. ಕೆಸರಿನ ನೀರಿಗೆ ಬಿಟ್ಟ ಮೀನು ಏನಾಗಬೇಕೋ ಅದೇ ಆಗುತ್ತಿತ್ತು.

1933ರಲ್ಲಿ ಅಮೆರಿಕ ಸರ್ಕಾರ ತನ್ನ ಮೊತ್ತಮೊದಲ ಜಲಾನಯನ ಪ್ರಾತ್ಯಕ್ಷಿಕೆಗೆ ಆರಿಸಿಕೊಂಡದ್ದು ಇಲ್ಲಿನ ಕೂನ್ ಕ್ರೀಕ್ ಎಂಬ ಹೊಳೆಯನ್ನು. ಮಣ್ಣು ಸವೆತ ತಡೆಯ ಹೊಸ ಇಲಾಖೆಯನ್ನು ಕಟ್ಟಿದ ಹ್ಯೂ ಹ್ಯಾಮಂಡ್ ಬೆನೆಟ್ ಇದರ ಹಿಂದಿದ್ದರು. ವಿಸ್ಕಾನ್ಸಿನ್‌ನ ಪರಿಸರ ಚಿಂತಕ ಆಲ್ಡೊ ಲಿಯೊಪೋಲ್ಡ್ ಕೂಡ ಈ ಕೆಲಸದಲ್ಲಿ ಪಾಲ್ಗೊಂಡು 1935ರಲ್ಲಿ ಅದರ ಬಗ್ಗೆ ಬರೆದರು. ಗಮನಿಸಬೇಕಾದದ್ದು, ಅವರು ಹೊಳೆಗೆ ಇಳಿದದ್ದು ಕೊನೆಯಲ್ಲಿ, ಶುರುಮಾಡಿದ್ದು ಗುಡ್ಡದ ತಲೆಯಿಂದ. ರೈತರ ಜೊತೆ ಐದು ವರ್ಷದ ಒಪ್ಪಂದ ಮಾಡಿಕೊಂಡರು. ಸರ್ಕಾರ ಬೀಜ, ಸುಣ್ಣ, ಬೇಲಿ, ಕೂಲಿಗೆ ನಿರುದ್ಯೋಗಿ ಯುವಕರ ಶಿಬಿರಗಳನ್ನು ಒದಗಿಸುವುದು, ರೈತ ಇಳಿಜಾರಿಗೆ ಅಡ್ಡಲಾಗಿ ಉಳುವುದು, ಮೆಕ್ಕೆಜೋಳದ ಪಟ್ಟಿ-ಹುಲ್ಲಿನ ಪಟ್ಟಿ ಮಾಡಿ ಬಿತ್ತುವುದು, ಕಡಿದಾದ ಇಳಿಜಾರಿನಿಂದ ದನ ಹೊರಗಿಡುವುದು. ಬದು ಹಾಕಿ ನೀರು ಇಂಗಿಸುವುದನ್ನು ತಲೆತಲಾಂತರದಿಂದ ಬಲ್ಲ ನಮ್ಮ ಬಯಲುಸೀಮೆಯ ರೈತನಿಗೆ ಇದರಲ್ಲಿ ಹೊಸದೇನೂ ಕಾಣದು. ಆದರೆ ಇಡೀ ಜಲಾನಯನವನ್ನು ಒಂದೇ ಘಟಕವೆಂದು ಹಿಡಿದು, ದಶಕಗಳ ಕಾಲ ಅಳೆಯುತ್ತಾ ಬಂದದ್ದು ಹೊಸತು. ಭೂಗೋಳಶಾಸ್ತ್ರಜ್ಞ ಸ್ಟ್ಯಾನ್ಲಿ ಟ್ರಿಂಬಲ್ ಆ ಕಣಿವೆಯ ಹೂಳನ್ನು ದಶಕಗಳ ಕಾಲ ಅಳೆದು 1999ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಅಲ್ಲಿ ಹೂಳು ಕೂರುವ ವೇಗ 1930ರ ದಶಕದ ವೇಗದ ಸುಮಾರು ಶೇ 6ಕ್ಕೆ ಇಳಿದಿತ್ತು. ಈ ಸೀಮೆಯ ಹೊಳೆಗಳಲ್ಲಿ ನೆರೆಯ ಎತ್ತರ ತಗ್ಗಿತು, ಬೇಸಿಗೆಯ ಹರಿವು ಹೆಚ್ಚಿತು, ಬತ್ತಿದ್ದ ಒರತೆಗಳು ಮತ್ತೆ ಜಿನುಗಿದವು. 1970ರ ನಂತರ ಮಳೆಯೂ ಕೊಂಚ ಹೆಚ್ಚಾಯಿತು, ಅದರ ಪಾಲೂ ಇದೆ ಎಂದು ಜಲವಿಜ್ಞಾನಿಗಳು ಹೇಳುತ್ತಾರೆ. ಆದರೆ ಮಳೆ ಹೆಚ್ಚಾದರೆ ನೆರೆಯೂ ಹೆಚ್ಚಬೇಕಿತ್ತಲ್ಲ? ನೆರೆ ತಗ್ಗಿ ಬೇಸಿಗೆಯ ಹರಿವು ಏರಿದೆ ಎಂದರೆ ನೀರು ಓಡುವುದನ್ನು ಬಿಟ್ಟು ಇಂಗಿದೆ ಎಂದೇ ಅರ್ಥ.

ಗುಡ್ಡ ಸುಧಾರಿಸಿದ ಮೇಲೆ ಹೊಳೆಯ ಪಾತ್ರದ ಕೆಲಸ. ಹಳೆಯ ಹೂಳು ದಂಡೆಗಳಲ್ಲಿ ಗೋಡೆಯಂತೆ ನಿಂತಿತ್ತು. ದನ ತುಳಿದು ಪಾತ್ರ ಅಗಲವಾಗಿ ಆಳ ಕಳೆದುಕೊಂಡಿತ್ತು. ಅಗಲವಾದ ತೆಳುನೀರು ಬೇಸಿಗೆಯಲ್ಲಿ ಬೇಗ ಕಾಯುತ್ತದೆ, ಚಳಿಗಾಲದಲ್ಲಿ ಬೇಗ ಹೆಪ್ಪುಗಟ್ಟುತ್ತದೆ. ಹಾಗಾಗಿ ದಂಡೆಯನ್ನು ಓರೆಯಾಗಿ ಕಡಿದು ನೆರೆನೀರು ಹರಡಿಕೊಳ್ಳಲು ಜಾಗ ಮಾಡಿದರು, ಬುಡಕ್ಕೆ ಕಲ್ಲು ಕೊಟ್ಟರು, ಪಾತ್ರವನ್ನು ಕಿರಿದಾಗಿಸಿ ಆಳ ಮಾಡಿದರು, ದಂಡೆಯಡಿ ಮೀನು ಅವಿತುಕೊಳ್ಳಲು ಮರದ ಹಲಗೆಯ ಪೊಟರೆಗಳನ್ನು ಹೂತರು. ಕೆಲವೆಡೆ ದಂಡೆಯ ಮರಗಳನ್ನು ಕಡಿದು ಹುಲ್ಲು ಬೆಳೆಸಿದರು ಎಂದರೆ ಸಸಿ ನೆಡುವುದೊಂದೇ ನದಿಸೇವೆ ಎಂದು ನಂಬಿದವರಿಗೆ ಮುಜುಗರವಾದೀತು. ಅಲ್ಲಿ ಬೆಳೆದಿದ್ದ ತೆಳುಬೇರಿನ ಮರಗಳು ನೆರೆಗೆ ಉರುಳಿ ದಂಡೆಯನ್ನೇ ಕಿತ್ತುಕೊಂಡು ಹೋಗುತ್ತಿದ್ದವು, ಹುಲ್ಲಿನ ಬೇರು ಮಣ್ಣು ಹಿಡಿಯುತ್ತಿತ್ತು. ಈ ವಿಷಯದಲ್ಲಿ ಇನ್ನೂ ಚರ್ಚೆಯಿದೆ, ಇರಬೇಕಾದದ್ದೇ. ಇವೆಲ್ಲದರ ಖರ್ಚು ಎಲ್ಲಿಂದ? ವಿಸ್ಕಾನ್ಸಿನ್‌ನಲ್ಲಿ 1970ರ ದಶಕದ ಕೊನೆಯಿಂದ ಟ್ರೌಟ್ ಹಿಡಿಯುವವರು ಪರವಾನಗಿಯ ಜೊತೆಗೆ ಒಂದು ಪ್ರತ್ಯೇಕ ಸ್ಟಾಂಪ್ ಕೊಳ್ಳಬೇಕು. ಆ ಹಣ ಹೋಗುವುದು ಹೊಳೆಯ ನೆಲೆ ಸುಧಾರಿಸಲು ಮತ್ತು ಮೀನಿನ ಸಮೀಕ್ಷೆಗೆ, ಮರಿ ಸಾಕಲು ಅಲ್ಲ. ಗಾಳಗಾರನ ಆಸೆಯನ್ನು ಹೊಳೆಯ ಆರೋಗ್ಯಕ್ಕೆ ಕಟ್ಟಿಹಾಕಿದ ಈ ಒಂದು ನಿಯಮ ನೂರು ಜಾಗೃತಿ ಶಿಬಿರಗಳಿಗಿಂತ ಹೆಚ್ಚು ಕೆಲಸ ಮಾಡಿದೆ ಎಂದು ನನ್ನ ಎಣಿಕೆ.

ಇಲ್ಲಿ ಒಂದು ಆಕ್ಷೇಪ ಸಹಜವಾಗಿ ಬರುತ್ತದೆ. ಡ್ರಿಫ್ಟ್‌ಲೆಸ್ ಹೊಳೆಗಳಲ್ಲಿ ಇಂದು ಹೆಚ್ಚಾಗಿ ಸಿಗುವ ಬ್ರೌನ್ ಟ್ರೌಟ್ ಜರ್ಮನಿಯಿಂದ ಬಂದದ್ದು. ಪರದೇಶಿ ಮೀನಿಗಾಗಿ ಮಾಡಿದ ಕೆಲಸವನ್ನು ಪುನಶ್ಚೇತನ ಎನ್ನಬಹುದೇ? ಆಕ್ಷೇಪ ನ್ಯಾಯವಾದದ್ದೇ. ಬ್ರೌನ್ ಟ್ರೌಟ್ ಬ್ರೂಕ್ ಟ್ರೌಟ್‌ನ ಜಾಗವನ್ನು ಕಸಿದುಕೊಂಡಿದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಆ ಹೊಳೆಗಳಿಗೆ ತಂಪು, ತಿಳಿ, ಜಲ್ಲಿ ಮರಳಿ ಬಂದ ಮೇಲೆಯೇ ಯಾವ ಮೀನು ಇರಬೇಕು ಎಂಬ ಪ್ರಶ್ನೆಗೆ ಅರ್ಥ ಬಂದದ್ದು. ಒರತೆಯ ತಲೆಯಲ್ಲಿ ನೀರು ಅತಿ ತಣ್ಣಗಿರುವ ಕಡೆ ಬ್ರೂಕ್ ಟ್ರೌಟ್ ಇಂದು ತಾನಾಗಿಯೇ ಹಿಡಿತ ಸಾಧಿಸುತ್ತಿದೆ, ಅದಕ್ಕೆ ಮೊದಲ ಆದ್ಯತೆ ಕೊಡುವ ಹೊಳೆಗಳನ್ನು ಗುರುತಿಸಲಾಗಿದೆ. ಕೆಸರು ನೀರಿನಲ್ಲಿ ಇಂಥ ಆಯ್ಕೆಯೇ ಇರಲಿಲ್ಲ. ಇನ್ನೊಂದು ಆಕ್ಷೇಪ ನೆರೆಯದು. 2018ರ ಆಗಸ್ಟ್‌ನಲ್ಲಿ ಅತಿವೃಷ್ಟಿಯಾಗಿ ಕೂನ್ ಕ್ರೀಕ್ ಜಲಾನಯನದಲ್ಲಿ ಮೂರು, ಪಕ್ಕದ ಕಣಿವೆಯಲ್ಲಿ ಎರಡು ನೆರೆನಿಯಂತ್ರಣ ಒಡ್ಡುಗಳು ಒಡೆದವು. ಅಷ್ಟೆಲ್ಲ ಕೆಲಸ ನೀರಿನಲ್ಲಿ ಹೋಮವಾಯಿತಲ್ಲ ಎನ್ನುವವರು ನೋಡಬೇಕಾದದ್ದು, ಒಡೆದದ್ದು ಕಣಿವೆಗೆ ಅಡ್ಡಲಾಗಿ ಕಟ್ಟಿದ ಒಡ್ಡುಗಳು ಎಂಬುದನ್ನು. ಇಳಿಜಾರಿನ ಹುಲ್ಲು ಎಲ್ಲಿಗೂ ಒಡೆದು ಹೋಗುವುದಿಲ್ಲ.

ಇನ್ನು ನಮ್ಮ ಕಡೆಗೆ ಬಂದರೆ, ಕರ್ನಾಟಕದ ನೀರು ಟ್ರೌಟ್‌ಗೆ ತೀರಾ ಬೆಚ್ಚಗೆ. ನಮ್ಮ ಹತ್ತಿರದ ಟ್ರೌಟ್ ಇರುವುದು ನೀಲಗಿರಿಯಲ್ಲಿ. 1860ರ ದಶಕದಲ್ಲಿ ಮೀನುತಜ್ಞ ಫ್ರಾನ್ಸಿಸ್ ಡೇ ತರಲು ನೋಡಿ ಸೋತ ಮೇಲೆ, ಇಪ್ಪತ್ತನೇ ಶತಮಾನದ ಆರಂಭದಲ್ಲಿ ಎಚ್.ಸಿ. ವಿಲ್ಸನ್ ಅವಲಾಂಚಿಯ ಮರಿಕೇಂದ್ರದ ಮೂಲಕ ಅದನ್ನು ಊರಿಸಿದರು. ನಮಗೆ ಟ್ರೌಟ್‌ನ ಜಾಗದಲ್ಲಿರುವುದು ಮಹಶೀರ್. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನೆಂದು ಕಾಪಾಡಿಕೊಂಡು ಬಂದದ್ದೂ ಇದೇ ಬಳಗವನ್ನು. ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಇರುವ ಗೂನುಬೆನ್ನಿನ ಮಹಶೀರ್ ಅವುಗಳಲ್ಲೆಲ್ಲ ದೊಡ್ಡದು. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಹಿಡಿದ ಮೀನು 120 ಪೌಂಡ್ ತೂಗಿತ್ತು. ಅಣೆಕಟ್ಟುಗಳು, ಮರಳುಗಾರಿಕೆ, ಸಿಡಿಮದ್ದಿನ ಬೇಟೆಯಿಂದ ಮಹಶೀರ್ ಕಡಿಮೆಯಾಗುತ್ತಿದೆ ಎಂದು ಕಂಡಾಗ ನಾವೂ ಮಾಡಿದ್ದು ಮರಿ ಬಿಡುವುದನ್ನೇ. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಲೋನಾವಳಾದ ಟಾಟಾ ಮರಿಕೇಂದ್ರದಿಂದ ಬಂದು ಕಾವೇರಿಗೆ ಇಳಿದವು ನೀಲಿ ರೆಕ್ಕೆಯ ಮಹಶೀರ್ ಮರಿಗಳು. 1839ರಲ್ಲಿ ಬ್ರಿಟಿಷ್ ಪ್ರಕೃತಿತಜ್ಞ ಸೈಕ್ಸ್ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದ್ದು ಪುಣೆಯ ಬಳಿಯ ಮುಳಾ-ಮುಠಾ ಹೊಳೆಯಿಂದ, ಅಂದರೆ ಕೃಷ್ಣೆಯ ಸೀಮೆಯಿಂದ. ಕಾವೇರಿಯ ಬೇರೊಂದು ಮೀನು ಕಷ್ಟದಲ್ಲಿದೆಯೆಂದು ಕೃಷ್ಣೆಯ ಮೀನು ತಂದು ಬಿಟ್ಟಂತಾಯಿತು. ಆಗ ಎರಡೂ ಬೇರೆ ಎಂಬ ತಿಳಿವು ಗಟ್ಟಿಯಾಗಿರಲಿಲ್ಲ, ಗೂನುಬೆನ್ನಿನ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿಗೂ ಸೇರಿತು.

ಕಾವೇರಿ ದಂಡೆಯ ಗಾಳಿಬೋರೆ ಶಿಬಿರದ ಗಾಳಗಾರರು ಹಿಡಿದು, ತೂಗಿ, ಮತ್ತೆ ನೀರಿಗೆ ಬಿಟ್ಟ ಮೀನುಗಳ ದಾಖಲೆ 1998ರಿಂದ 2012ರವರೆಗೆ ಉಳಿದಿದೆ. 6,000ಕ್ಕೂ ಹೆಚ್ಚು ಮೀನುಗಳ ಈ ಪಟ್ಟಿಯನ್ನು ಸಂಶೋಧಕರಾದ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಜತೆಗಾರರು ವಿಶ್ಲೇಷಿಸಿದಾಗ ಕಂಡದ್ದು ವಿಚಿತ್ರ. ಗಂಟೆಗೆ ಸಿಗುವ ಮೀನುಗಳ ಸಂಖ್ಯೆ ಏರುತ್ತಾ ಹೋಗಿದೆ, ಸರಾಸರಿ ತೂಕ ಇಳಿಯುತ್ತಾ ಹೋಗಿದೆ. ಮೇಲ್ನೋಟಕ್ಕೆ ಇದು ಯಶಸ್ಸಿನ ವರದಿ. ಆದರೆ ಏರಿದ್ದು ನೀಲಿ ರೆಕ್ಕೆಯ ಮೀನು. ಗೂನುಬೆನ್ನಿನದು ಕರಗುತ್ತಾ ಬಂತು, ಸಿಕ್ಕವೂ ಹೆಚ್ಚಾಗಿ ಹಳೆಯ ದೊಡ್ಡ ಮೀನುಗಳೇ, ಮರಿಗಳು ಕಾಣುತ್ತಿರಲಿಲ್ಲ. ಹೊರಗಿನ ಮೀನೇ ಒಳಗಿನದನ್ನು ಓಡಿಸಿತು ಎಂದು ಇದರಿಂದ ಸಾಧಿಸಲು ಬರುವುದಿಲ್ಲ, ಅಣೆಕಟ್ಟು ಮತ್ತು ಸಿಡಿಮದ್ದು ಅದೇ ಕಾಲದಲ್ಲಿ ತಮ್ಮ ಕೆಲಸ ಮಾಡುತ್ತಲೇ ಇದ್ದವು. ಆದರೆ ಮಹಶೀರ್ ಚೆನ್ನಾಗಿದೆ ಎಂಬ ಒಟ್ಟು ಅಂಕಿಯ ನೆರಳಿನಲ್ಲಿ ಒಂದು ಮೀನು ಯಾರ ಗಮನಕ್ಕೂ ಬಾರದೆ ಮರೆಯಾಗುತ್ತಿತ್ತು ಎಂಬುದು ಸ್ಪಷ್ಟ. ಮರಿ ಬಿಡದೇ ಇದ್ದಿದ್ದರೆ ಗಾಳಗಾರರ ಕೈ ಬರಿದಾಗಿ, ಹೊಳೆಗೆ ಏನೋ ಆಗಿದೆ ಎಂಬ ಕೂಗು ಎಷ್ಟೋ ವರ್ಷ ಮೊದಲೇ ಏಳುತ್ತಿತ್ತು.

ನೆಲದಿಂದ ಶುರುಮಾಡುವ ಕೆಲಸ ನಮ್ಮಲ್ಲಿ ಆಗದು, ಇದು ಅಮೆರಿಕದ ದೊಡ್ಡ ಹಿಡುವಳಿಗಳಿಗೆ ಹೊಂದುವ ಮಾತು ಎನ್ನುವವರಿದ್ದಾರೆ. ಕಾವೇರಿಯನ್ನು ಸಂಗಮದಲ್ಲಿ ಸೇರುವ ಅರ್ಕಾವತಿಯನ್ನು ನೋಡಿ. ಬೆಂಗಳೂರಿಗೆ ನೀರು ಕೊಡುತ್ತಿದ್ದ ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ಜಲಾಶಯಗಳಿಗೆ ಬರುವ ನೀರು ಬಹಳ ಕುಸಿಯಿತು. ಮಳೆ ಕಡಿಮೆಯಾಗಿದೆ ಎಂಬುದು ಜನಪ್ರಿಯ ವಿವರಣೆ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ದಾಖಲೆ ಕೆದಕಿದಾಗ ಮಳೆ ಗಣನೀಯವಾಗಿ ಕುಗ್ಗಿದ್ದು ಕಾಣಲಿಲ್ಲ. ಮುಖ್ಯ ಕಾರಣವಾಗಿ ಕಂಡವು ಕೊಳವೆಬಾವಿಗಳು ಮತ್ತು ನೀಲಗಿರಿ ತೋಪುಗಳು. ಕೂನ್ ಕ್ರೀಕ್‌ನಲ್ಲಿ ನೀರು ಇಂಗಿ ಒರತೆ ತುಂಬಿತು, ಅರ್ಕಾವತಿಯಲ್ಲಿ ಇಂಗಿದ್ದನ್ನೂ ಮೇಲಕ್ಕೆತ್ತಿ ಒರತೆ ಬತ್ತಿಸಿದೆವು. ಎರಡು ಕಡೆಯೂ ಹೊಳೆಯ ಹಣೆಬರಹ ಬರೆದದ್ದು ಹೊಲದಲ್ಲೇ. ಸಣ್ಣ ಹಿಡುವಳಿ ಕೆಲಸವನ್ನು ಕಷ್ಟವಾಗಿಸುತ್ತದೆ, ನಿಜ. ಆದರೆ ಕಷ್ಟವೆಂದು ಹೂಳೆತ್ತಿ, ಒಡ್ಡು ಕಟ್ಟಿ, ಮರಿ ಬಿಟ್ಟು ಕೈತೊಳೆದುಕೊಂಡರೆ ಬೋರ್‌ವೆಲ್ ತನ್ನ ಕೆಲಸ ನಿಲ್ಲಿಸುವುದಿಲ್ಲ.

ಗಾಳಗಾರಿಕೆಯ ಬಗೆಗಿನ ಆಕ್ಷೇಪವೇ ನನಗೆ ಹೆಚ್ಚು ಭಾರವಾಗಿ ಕಾಣುವುದು. ಹಿಡಿದು ಬಿಡುವುದು ಮೀನಿಗೆ ಹಿಂಸೆ, ಹಣವಂತರ ಮೋಜು, ಹೊಟ್ಟೆಗೆ ಹಿಡಿಯುವ ದಂಡೆಯ ಜನರನ್ನು ಕಳ್ಳರೆಂದು ಕರೆದು ಹೊರಗಿಡುವ ಏರ್ಪಾಡು ಎಂಬ ಮೂರು ಮಾತುಗಳಲ್ಲೂ ಸತ್ಯವಿದೆ. ಕಾವೇರಿ ವನ್ಯಜೀವಿಧಾಮದೊಳಗೆ 2012ರ ಸುಮಾರಿಗೆ ಗಾಳ ನಿಂತುಹೋದಾಗ ಅನೇಕರು ಸರಿಯೇ ಆಯಿತು ಎಂದರು. ಆದರೆ ಅದರ ಜೊತೆಗೆ ನಿಂತುಹೋದದ್ದು ದಿನವೂ ಹೊಳೆಯ ಮೇಲಿದ್ದ ಕಣ್ಣು. ಶಿಬಿರಗಳಲ್ಲಿ ದಾರಿ ತೋರಿಸುತ್ತಿದ್ದವರಲ್ಲಿ ಹಿಂದೆ ಸಿಡಿಮದ್ದು ಎಸೆದು ಮೀನು ಹಿಡಿದವರೂ ಇದ್ದರು, ಕೆಲಸ ಸಿಕ್ಕಿದ ಮೇಲೆ ಅವರೇ ಕಾವಲಾದರು. ಗೂನುಬೆನ್ನಿನ ಮೀನಿನ ಅವನತಿ ನಮಗೆ ತಿಳಿದದ್ದೂ ಗಾಳಗಾರರ ನೋಟ್‌ಬುಕ್ಕಿನಿಂದಲೇ, ಯಾವ ಇಲಾಖೆಯ ಕಡತದಿಂದಲೂ ಅಲ್ಲ. ಹಿಂಸೆಯ ಪ್ರಶ್ನೆಗೆ ಇದು ಉತ್ತರವಾಗದು, ಆ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ನಾನು ಹೇಳುವುದು ಇಷ್ಟೇ: ಗಾಳಗಾರನನ್ನು ಒಳಗೆ ಬಿಡುವುದಾದರೆ ವಿಸ್ಕಾನ್ಸಿನ್‌ನ ಷರತ್ತಿನ ಮೇಲೆ ಬಿಡಬೇಕು. ಅವನ ಹಣ ದಂಡೆಗೆ, ಕಾವಲಿಗೆ, ಎಣಿಕೆಗೆ ಹೋಗಬೇಕು. ದಂಡೆಯ ಹಳ್ಳಿಗಳಿಗೆ ಅದರಲ್ಲಿ ಪಾಲಿರಬೇಕು. ಮರಿಯ ಚೀಲಕ್ಕೆ ಒಂದು ಪೈಸೆಯೂ ಹೋಗಬಾರದು.

ಹಾಗಾದರೆ ಮರಿ ಸಾಕುವುದೇ ತಪ್ಪೇ? ಗೂನುಬೆನ್ನಿನ ಮಹಶೀರ್‌ನ ಮಟ್ಟಿಗೆ ಇಲ್ಲ. ಇಷ್ಟು ಕಡಿಮೆಯಾದ ಮೀನನ್ನು ಹೊಳೆಯ ಪಾಡಿಗೆ ಬಿಟ್ಟರೆ ಅದು ಉಳಿಯುವ ಭರವಸೆಯಿಲ್ಲ, ಅದರದೇ ಸಂತತಿಯನ್ನು ಸಾಕಿ ಬೆಳೆಸುವ ಪ್ರಯತ್ನ ಬೇಕು. ಆದರೆ ಮಿಷಿಗನ್ 1980ರ ದಶಕದ ಕೊನೆಯಲ್ಲಿ ಗ್ರೇಲಿಂಗ್ ಮರಿಗಳನ್ನು ತನ್ನ ಹೊಳೆಗಳಿಗೆ ಬಿಟ್ಟಾಗ ಅವು ನೆಲೆಯೂರಲಿಲ್ಲ ಎಂಬುದನ್ನು ಮರೆಯಬಾರದು. ಮೀನನ್ನು ಮಾಯ ಮಾಡಿದ ಕಾರಣಗಳು ಅಲ್ಲೇ ಇದ್ದಾಗ ಮೀನು ಬಂದರೆ ಏನು? ಗೂನುಬೆನ್ನಿನ ಮಹಶೀರ್ ಇನ್ನೂ ಉಳಿದಿರುವ ಕೆಲವೇ ಜಾಗಗಳಲ್ಲಿ ಬಂಡೀಪುರ-ಮುದುಮಲೆ ಗಡಿಯಲ್ಲಿ ಹರಿಯುವ ಮೋಯಾರ್ ಒಂದು. ಅದರ ನೀರಿನ ಏರಿಳಿತವನ್ನು ನಿರ್ಧರಿಸುವುದು ಮೇಲಿನ ವಿದ್ಯುದಾಗಾರಗಳು. ಮೊಟ್ಟೆಯಿಡುವ ತಿಂಗಳುಗಳಲ್ಲಿ ಆ ಏರಿಳಿತವನ್ನು ತಗ್ಗಿಸುವುದು ಎರಡು ರಾಜ್ಯಗಳ ಮಾತುಕತೆಯ ವಿಷಯ, ಸುಲಭವಲ್ಲ. ಆದರೆ ಮೋಯಾರ್‌ಗೆ, ಕಬಿನಿಗೆ, ಕಾವೇರಿಯ ಮೇಲಿನ ಹಳ್ಳಗಳಿಗೆ ಬೇರೆ ಸೀಮೆಯ ಮಹಶೀರ್ ಮರಿ ಬಿಡದಂತೆ ತಡೆಯಲು ಯಾರೊಂದಿಗೂ ಮಾತುಕತೆ ಬೇಕಿಲ್ಲ. ಅದಕ್ಕೆ ಒಂದು ಪುಟದ ಆದೇಶ ಸಾಕು, ಖರ್ಚೂ ಇಲ್ಲ.